ಅಳಿಸಿದ ಕಂಬಗಳು

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ ನಾನು ತೆಗೆದ ಒಂದು ಚಿತ್ರವಿದೆ. ಹಳದಿಗೆ ತಿರುಗಿದ ಆಸ್ಪೆನ್ ಮರಗಳ ಮುಂದೆ ಒಂದು ಗಂಡು ಎಲ್ಕ್ ಕೊರಳು ಚಾಚಿ ಕೂಗುತ್ತಿದೆ. ಬಾಯಿಂದ ಹೊರಟ ಹಬೆಗೆ ಎಳೆಬಿಸಿಲು ತಾಗಿ, ಅದು ಧೂಪದ ಹೊಗೆಯಂತೆ ಮೇಲೇಳುತ್ತಿದೆ. ಮನೆಗೆ ಬಂದ ನೆಂಟರು ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. "ಅಮೆರಿಕದ ಕಡವೆ, ನಮ್ಮ ಮಗಳು ತೆಗೆದದ್ದು" ಎಂದು ಅಮ್ಮ ಹೇಳುತ್ತಾರೆ.

ಆ ಚಿತ್ರದಲ್ಲಿ ಹನ್ನೊಂದು ಕಂಬಗಳಿದ್ದವು. ಕಂಬದಿಂದ ಕಂಬಕ್ಕೆ ಎಳೆದ ತಂತಿಬಲೆಯೂ ಇತ್ತು. 2016ರ ಅಕ್ಟೋಬರಿನಲ್ಲಿ ಎರಡು ರಾತ್ರಿ ಕುಳಿತು ನಾನು ಅವನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿದೆ. ಕಂಬವಿದ್ದ ಕಡೆ ಪಕ್ಕದ ಹುಲ್ಲನ್ನು ತಂದು ತುಂಬಿದೆ. ತಂತಿ ಹಾದುಹೋದ ಕಡೆ ಎಲೆಗಳನ್ನು ಹಚ್ಚಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಇಂದಿಗೂ ಆ ಚಿತ್ರ ನೋಡಿದವರಿಗೆ ಅಲ್ಲೊಂದು ಬೇಲಿ ಇತ್ತೆಂದು ಗೊತ್ತಾಗುವುದಿಲ್ಲ. ಗೊತ್ತಾದದ್ದು ಅಪ್ಪಯ್ಯನಿಗೆ ಒಬ್ಬರಿಗೇ, ಅದೂ ಮೂರು ವರ್ಷಗಳ ಮೇಲೆ, ಆ ಬೇಲಿಯ ಎದುರಿನಲ್ಲೇ ನಿಂತಾಗ.

ಚಿತ್ರ ತೆಗೆದ ಜಾಗ ಕೊಲೊರಾಡೊ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ. ನಾನು ಇರುವುದು ಬೆಟ್ಟದ ಬುಡದ ಲಾಂಗ್‌ಮಾಂಟ್‌ನಲ್ಲಿ. ಅಲ್ಲಿಂದ ಸುಮಾರು 50 ಕಿಲೋಮೀಟರ್ ಏರಿದರೆ ಎಸ್ಟಿಸ್ ಪಾರ್ಕ್ ಎಂಬ ಊರು, ಊರು ದಾಟಿದರೆ ಉದ್ಯಾನದ ಬಾಗಿಲು. ಈ ಕಡೆಯ ಹಳೆಯ ಮಾತಿನಲ್ಲಿ ಪಾರ್ಕ್ ಎಂದರೆ ಹೂಗಿಡ ನೆಟ್ಟು ಬೆಂಚು ಹಾಕಿದ ಜಾಗವಲ್ಲ, ಬೆಟ್ಟಗಳ ನಡುವಿನ ಬಯಲು ಹುಲ್ಲುಗಾವಲು. ಮೊರೇನ್ ಪಾರ್ಕ್, ಹಾರ್ಸ್‌ಶೂ ಪಾರ್ಕ್ ಎಲ್ಲವೂ ಅಂಥವೇ. ನಾಗರಹೊಳೆಯಲ್ಲಿ ಕಾಡಿನ ನಡುವೆ ಬರುವ ಜೌಗು ಹುಲ್ಲುಬಯಲನ್ನು ಹಡ್ಲು ಎನ್ನುತ್ತಾರಲ್ಲ, ಮೊರೇನ್ ಪಾರ್ಕನ್ನು ಮೊದಲು ಕಂಡ ದಿನ ನನ್ನ ನಾಲಿಗೆಗೆ ಬಂದ ಪದ ಅದೇ. ಹಿಮನದಿಯೊಂದು ಕೊರೆದು, ಎರಡೂ ಬದಿಗೆ ಕಲ್ಲುಮಣ್ಣಿನ ದಿಬ್ಬ ಒಟ್ಟಿ, ಕರಗಿ ಹೋದ ಮೇಲೆ ಉಳಿದ ಹಡ್ಲು. ಅದರ ನಡುವೆ ಬಿಗ್ ಥಾಂಪ್ಸನ್ ಹೊಳೆ ಅವಸರವಿಲ್ಲದೆ ತಿರುಗಿ ತಿರುಗಿ ಹರಿಯುತ್ತದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಈ ಹಡ್ಲಿಗೆ ಬೆಟ್ಟದ ಮೇಲಿನಿಂದ ಎಲ್ಕ್‌ಗಳು ಇಳಿಯುತ್ತವೆ. ಅದೇ ಹೊತ್ತಿಗೆ ಸುತ್ತಲಿನ ಆಸ್ಪೆನ್ ಮರಗಳು ಬಣ್ಣ ಬದಲಿಸುತ್ತವೆ. ಇವೆರಡೂ ಒಟ್ಟಿಗೆ ಸಿಗುವ ಮೂರು ವಾರಗಳಿಗಾಗಿ ನಾವು ಕ್ಯಾಮೆರಾ ಹಿಡಿದವರು ವರ್ಷವಿಡೀ ಕಾಯುತ್ತೇವೆ.

ಈ ಕಾಲವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ತಿಂಗಳು ನೋಡಿದರೆ ಶರತ್ಕಾಲ. ನವರಾತ್ರಿ, ಗೊಂಬೆ, ತಿಳಿಯಾದ ಹೊಳೆ, ಮಳೆ ಬಿಟ್ಟ ಆಕಾಶ. ಎಲೆ ನೋಡಿದರೆ ಶಿಶಿರ. ನಮ್ಮ ಎಲೆಯುದುರುವ ಕಾಡುಗಳು ಬರಿದಾಗುವುದು ಚಳಿ ಹಿಂದೆ ಸರಿದು ಬಿಸಿಲೇರುವ ಮಾಘ ಫಾಲ್ಗುಣಗಳಲ್ಲಿ, ನೀರು ಸಾಲದ ಕಾಲಕ್ಕೆ. ಇಲ್ಲಿಯ ಮರಗಳು ಎಲೆ ಬಿಡುವುದು ಹಗಲು ಕಿರಿದಾಗಿ ಚಳಿ ಹೊಸ್ತಿಲಿಗೆ ಬಂದಾಗ. ಎಲೆಯಲ್ಲಿದ್ದ ಹಸಿರನ್ನು ಮರ ಒಡೆದು ಒಳಗೆ ಎಳೆದುಕೊಳ್ಳುತ್ತದೆ. ಆಗ ಕಾಣುವ ಹಳದಿ ಹೊಸದಾಗಿ ಬಂದದ್ದಲ್ಲ, ಬೇಸಿಗೆಯುದ್ದಕ್ಕೂ ಹಸಿರಿನ ಅಡಿಯಲ್ಲಿ ಇದ್ದದ್ದೇ. ಶರತ್ತಿನ ಹಬ್ಬದೊಳಗೆ ಶಿಶಿರದ ಎಲೆ ಉದುರುವ ಈ ವಿಚಿತ್ರ ಕಾಲಕ್ಕೆ ನಾನು ಮನೆಯಲ್ಲಿ 'ಆಸ್ಪೆನ್ ಹೊತ್ತು' ಎನ್ನುತ್ತೇನೆ. ಅಷ್ಟೇ ಸಾಕಾಗಿದೆ.

ಆಸ್ಪೆನ್ ಮರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದರ ಎಲೆಯ ತೊಟ್ಟು ದುಂಡಗಿಲ್ಲ, ಚಪ್ಪಟೆ. ಹಾಗಾಗಿ ಗಾಳಿ ಸುಳಿದರೂ ಸಾಕು, ಎಲೆ ತರತರ ನಡುಗುತ್ತದೆ. ಅರಳಿಕಟ್ಟೆಯ ಕೆಳಗೆ ಮಧ್ಯಾಹ್ನ ಮಲಗಿ ಕೇಳಿದ ಸದ್ದು ಯಾರಿಗೆ ನೆನಪಿದೆಯೋ ಅವರಿಗೆ ಆಸ್ಪೆನ್ ತೋಪು ಪರದೇಶ ಅನ್ನಿಸುವುದಿಲ್ಲ. ಬೂದುಬಿಳಿಯ ತೊಗಟೆಯಲ್ಲೂ ಹಸಿರಿನ ಅಂಶವಿದ್ದು, ಎಲೆ ಇಲ್ಲದ ಕಾಲದಲ್ಲೂ ಅದು ಬಿಸಿಲನ್ನು ಬಳಸಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಗತಿ ಬೇರಿನದು. ನಮಗೆ ತೋಪಾಗಿ ಕಾಣುವುದು ಅನೇಕ ಸಲ ಒಂದೇ ಜೀವ. ಒಂದೇ ಬೇರಿನ ಜಾಲದಿಂದ ನೂರಾರು ಕಾಂಡಗಳು ಎದ್ದಿರುತ್ತವೆ. ಪಕ್ಕದ ಯೂಟಾ ರಾಜ್ಯದಲ್ಲಿ ಪಾಂಡೊ ಎಂದು ಹೆಸರಿಟ್ಟ ಇಂಥದೊಂದು ಆಸ್ಪೆನ್ ಸುಮಾರು 106 ಎಕರೆ ಹರಡಿಕೊಂಡು 40 ಸಾವಿರಕ್ಕೂ ಹೆಚ್ಚು ಕಾಂಡಗಳನ್ನು ಹೊತ್ತಿದೆ. ಬೆಟ್ಟದ ಇಳಿಜಾರಿನಲ್ಲಿ ಒಂದು ಗುಂಪು ಪೂರ್ತಿ ಹಳದಿಯಾಗಿ, ಅದಕ್ಕೆ ಅಂಟಿಕೊಂಡ ಇನ್ನೊಂದು ಗುಂಪು ಇನ್ನೂ ಹಸಿರಾಗಿ ನಿಂತದ್ದನ್ನು ಕಂಡರೆ, ಮಣ್ಣಿನೊಳಗಿನ ಎರಡು ಮನೆತನಗಳ ಗಡಿ ಅಲ್ಲಿದೆ ಎಂದು ಅರ್ಥ. ಈ ಗಡಿ ಕಣ್ಣಿಗೆ ಬೀಳುವುದು ಈ ಮೂರು ವಾರ ಮಾತ್ರ. ನಾನು ಭೂದೃಶ್ಯದ ಚಿತ್ರ ತೆಗೆಯತೊಡಗಿದ್ದೇ ಇದನ್ನು ಕಂಡು.

ಹಳದಿಯನ್ನು ಕ್ಯಾಮೆರಾಕ್ಕೆ ಹಿಡಿಸುವುದು ಕಷ್ಟ. ಬಿಸಿಲು ಬಿದ್ದ ಆಸ್ಪೆನ್ ಎಲೆಯಲ್ಲಿ ಕೆಂಪಿನ ಅಂಶ ಎಲ್ಲಕ್ಕಿಂತ ಮೊದಲು ತುಂಬಿ ಚೆಲ್ಲುತ್ತದೆ. ಹಾಗಾದಾಗ ಎಲೆಯ ನರ, ಅಂಚು, ಹುಳು ತಿಂದ ತೂತು ಯಾವುದೂ ಉಳಿಯದೆ ಗೋಡೆಗೆ ಬಳಿದ ಬಣ್ಣದಂತೆ ಒಂದು ಪಟ್ಟೆ ಉಳಿಯುತ್ತದೆ. ಅದಕ್ಕೇ ನಾನು ಬೆಳಕನ್ನು ಬೇಕಾದುದಕ್ಕಿಂತ ತುಸು ಕಡಿಮೆ ಹಿಡಿಯುತ್ತೇನೆ. ಪೋಲರೈಸರ್ ಫಿಲ್ಟರ್ ತಿರುಗಿಸಿ ಎಲೆಯ ಮೇಲಿನ ಬಿಳಿ ಮಿರುಗನ್ನು ಇಳಿಸುತ್ತೇನೆ, ಪೂರ್ತಿ ತೆಗೆಯುವುದಿಲ್ಲ. ಬೆಳಕಿಗೆ ಎದುರಾಗಿ ನಿಂತು, ಎಲೆಯ ಹಿಂಬದಿಯಿಂದ ಬಿಸಿಲು ತೂರಿ ಬರುವಂತೆ ಮಾಡಿದರೆ ಇಡೀ ಮರ ಒಳಗಿನಿಂದ ದೀಪ ಹಚ್ಚಿದಂತಾಗುತ್ತದೆ. ಇದಕ್ಕೆ ಸಿಗುವುದು ಸೂರ್ಯ ಮೂಡಿದ ಮೇಲಿನ ಇಪ್ಪತ್ತು ನಿಮಿಷ. ಆಮೇಲೆ ಗಾಳಿ ಏಳುತ್ತದೆ, ಎಲೆ ನಿಲ್ಲುವುದಿಲ್ಲ.

ಎಲ್ಕ್‌ನ ವಿಷಯ ಬೇರೆ. ಅದು ಮೊದಲು ಸಿಗುವುದು ಕಿವಿಗೆ. ಕತ್ತಲೆಯಲ್ಲಿ ಕಾರು ನಿಲ್ಲಿಸಿ ಬಾಗಿಲು ತೆಗೆದರೆ ಮುಖಕ್ಕೆ ಸೊನ್ನೆಗಿಂತ ಕೆಳಗಿನ ಚಳಿ, ಅದರ ಹಿಂದೆಯೇ ಆ ಕೂಗು. ಸುಮಾರು 300 ಕಿಲೋ ತೂಗುವ ಪ್ರಾಣಿಯ ಗಂಟಲಿನಿಂದ ಅಷ್ಟು ಸಪೂರವಾದ ಸಿಳ್ಳೆ ಬರುತ್ತದೆಂದು ಕೇಳದವರು ನಂಬುವುದಿಲ್ಲ. ಗಂಟಲಿನಲ್ಲಿ ಒಂದು ಒರಟು ಗೊರಗು, ಅದರ ಮೇಲೆ ಏರಿ ಏರಿ ಹೋಗುವ ಸಿಳ್ಳೆ, ಎರಡೂ ಒಟ್ಟಿಗೆ. ಕೊನೆಯಲ್ಲಿ ಮೂರು ನಾಲ್ಕು ಗುಟುರು. ಕೂಗು ಎದುರು ದಿಬ್ಬಕ್ಕೆ ಬಡಿದು ಬರುವಷ್ಟರಲ್ಲಿ ಇನ್ನೊಂದು ಗಂಡು ಕತ್ತಲೆಯ ಮತ್ತೊಂದು ಮೂಲೆಯಿಂದ ಉತ್ತರಿಸುತ್ತದೆ. ಬೆದೆಗಾಲದ ಈ ವಾರಗಳಲ್ಲಿ ಗಂಡು ಎಲ್ಕ್ ಸರಿಯಾಗಿ ಮೇಯುವುದಿಲ್ಲ. ಹೆಣ್ಣುಗಳ ಹಿಂಡನ್ನು ಒಟ್ಟುಗೂಡಿಸುತ್ತಾ, ಎದುರಾಳಿಯನ್ನು ಅಟ್ಟುತ್ತಾ, ಹಗಲಿರುಳು ಕೂಗುತ್ತಾ ಸೊರಗುತ್ತದೆ. ಬೇಸಿಗೆಯಲ್ಲಿ ಬೆಳೆಸಿದ ಕೊಂಬನ್ನು ಚಳಿಗಾಲದ ಕೊನೆಗೆ ಉದುರಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ಕೂಗನ್ನು ಚಿತ್ರದಲ್ಲಿ ಹಿಡಿಯಲು ಇರುವ ದಾರಿ ಒಂದೇ, ಹಬೆ. ಚಳಿ ಸಾಕಷ್ಟಿರಬೇಕು, ಬಿಸಿಲು ಹಿಂದಿನಿಂದ ಬರಬೇಕು, ಪ್ರಾಣಿಯ ಹಿಂದೆ ನೆರಳಿರಬೇಕು. ಆಗ ಉಸಿರು ಬೆಳಕಾಗಿ ಕಾಣುತ್ತದೆ, ನೋಡಿದವರ ಕಿವಿಯಲ್ಲಿ ಸದ್ದು ತಾನಾಗಿ ಏಳುತ್ತದೆ. 2016ರ ಆ ಬೆಳಗ್ಗೆ ನನಗೆ ಇದೆಲ್ಲ ಒಟ್ಟಿಗೆ ಒದಗಿತು. ದೂರದ್ದನ್ನು ಹತ್ತಿರ ತರುವ 500 ಮಿಲಿಮೀಟರ್ ಲೆನ್ಸ್ ಹಾಕಿದ್ದೆ. ನಾನು ರಸ್ತೆಯ ಅಂಚಿನಲ್ಲಿದ್ದೆ. ಆಗ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸಂಜೆ 5ರಿಂದ ಬೆಳಗಿನ 7ರವರೆಗೆ ಈ ಹುಲ್ಲುಗಾವಲುಗಳಿಗೆ ಯಾರೂ ಕಾಲಿಡುವಂತಿರಲಿಲ್ಲ. ಎಲ್ಕ್‌ನಿಂದ ಕನಿಷ್ಠ 75 ಅಡಿ, ಮೂಸ್ ಎಂಬ ಭಾರಿ ಜಿಂಕೆ ಮತ್ತು ಕರಡಿಯಿಂದ 120 ಅಡಿ ದೂರ ಇರಲೇಬೇಕು. ಈ ನಿಯಮ ನನಗೆ ಎಂದೂ ಅಡ್ಡಿ ಎನ್ನಿಸಿಲ್ಲ. ಮೊಬೈಲ್ ಮುಂದೆ ಚಾಚಿಕೊಂಡು ಗಂಡು ಎಲ್ಕ್‌ನ ಹತ್ತಿರ ಹೆಜ್ಜೆ ಹೆಜ್ಜೆಯಾಗಿ ಸರಿಯುವ ಜನರನ್ನು ಪ್ರತಿ ವರ್ಷ ನೋಡುತ್ತೇನೆ. ಎಲ್ಕ್ ತಲೆ ತಗ್ಗಿಸಿ ಕಣ್ಣಿನ ಬಿಳಿ ತೋರಿಸಿದಾಗ ನನ್ನ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ಅದು ಏರಿ ಬಂದರೆ ಪೆಟ್ಟಾಗುವುದು ಮನುಷ್ಯನಿಗೆ, ಆದರೆ ಅಪಾಯಕಾರಿ ಎಂಬ ಹಣೆಪಟ್ಟಿ ಬೀಳುವುದು ಪ್ರಾಣಿಗೆ.

ಅಂದು ಚಿತ್ರ ತೆಗೆದು ಕ್ಯಾಮೆರಾದ ಪರದೆ ನೋಡಿದಾಗ ಎದೆ ತುಂಬಿತು. ಆಮೇಲೆ ಕಂಬಗಳು ಕಂಡವು. ಎಲ್ಕ್ ಮತ್ತು ಹಳದಿ ಮರಗಳ ನಡುವೆ, ಚಿತ್ರದ ಈ ತುದಿಯಿಂದ ಆ ತುದಿಗೆ, ಎತ್ತರದ ಬೇಲಿಯೊಂದು ಹಾದುಹೋಗಿತ್ತು. ಇಷ್ಟು ಚೆಲುವಾದ ಜಾಗದಲ್ಲಿ ಇದನ್ನು ಯಾಕೆ ಹಾಕಿದ್ದಾರೋ ಎಂದು ಕಸಿವಿಸಿಯಾಯಿತು. ಯಾಕೆ ಎಂದು ಹುಡುಕಿ ಓದಲಿಲ್ಲ. ಮನೆಗೆ ಬಂದು ಅಳಿಸಿದೆ.

ಅಪ್ಪಯ್ಯ ಮತ್ತು ಅಮ್ಮ ಇಲ್ಲಿಗೆ ಬಂದದ್ದು 2019ರಲ್ಲಿ. ಸೆಪ್ಟೆಂಬರ್ 29, ಭಾನುವಾರ, ನವರಾತ್ರಿಯ ಪಾಡ್ಯ. ಅಮ್ಮ ಮನೆಯಲ್ಲಿ ಕಲಶಕ್ಕೆ ಸಿದ್ಧತೆ ಮಾಡಿಕೊಳ್ಳುತ್ತೇನೆಂದು ಉಳಿದರು. ಅಪ್ಪಯ್ಯ ಮಂಕಿ ಟೋಪಿ, ಎರಡು ಸ್ವೆಟರ್ ಹಾಕಿಕೊಂಡು ಬೆಳಗಿನ ನಾಲ್ಕಕ್ಕೇ ಕಾರಿನಲ್ಲಿ ಕುಳಿತಿದ್ದರು. ಹಿಂದಿನ ದಿನ ಅಮಾವಾಸ್ಯೆ, ಹಾಗಾಗಿ ಆಕಾಶದ ತುಂಬ ನಕ್ಷತ್ರ. ಮೊರೇನ್ ಪಾರ್ಕಿನ ಅಂಚಿನಲ್ಲಿ ಇಳಿದಾಗ ಮೊದಲ ಕೂಗು ಕೇಳಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಡವೆ ಹೆದರಿದಾಗ ಕೂಗುತ್ತದೆ. ಇದು ಹೆದರಿಕೆಯ ಕೂಗಲ್ಲ" ಎಂದರು.

ಅಪ್ಪಯ್ಯ ಐವತ್ತು ವರ್ಷ ಅಡಿಕೆ ತೋಟ ಮಾಡಿದವರು. ಕಡವೆ, ಕಾಡುಹಂದಿ, ಮಂಗ ಇವುಗಳ ಜೊತೆ ಜಗಳವಾಡುತ್ತಲೇ ಬದುಕಿದವರು. ತೋಟದ ಸುತ್ತ ಅಗಳು ತೋಡಿಸಿ, ಮುಳ್ಳುತಂತಿ ಎಳೆಸಿ, ಕೊನೆಗೆ ಸೋಲಾರ್ ಬೇಲಿ ಹಾಕಿಸಿದರು. ಬೇಲಿ ಎಂದರೆ ಏನು, ಯಾರಿಗಾಗಿ, ಎಷ್ಟು ದಿನ ನಿಲ್ಲುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಬೆಳಕು ಹರಿದು ಹುಲ್ಲುಗಾವಲಿನ ಆಚೆ ಕಂಬಗಳ ಸಾಲು ಕಂಡ ಕೂಡಲೇ ಅವರು ಕೇಳಿದರು.

"ಅದು ಯಾರ ತೋಟ ಮಾರಾಯ್ತಿ?"

"ತೋಟವಲ್ಲ ಅಪ್ಪಯ್ಯ. ಅದೂ ಕಾಡೇ."

"ಕಾಡಿಗೆ ಕಾಡುಪ್ರಾಣಿ ಬಾರದ ಹಾಗೆ ಬೇಲಿಯಾ?"

ಅಷ್ಟು ಹೊತ್ತಿಗೆ ಅದರ ಕಾರಣ ನನಗೆ ಸ್ವಲ್ಪ ಗೊತ್ತಿತ್ತು. ಎಲ್ಕ್ ಜಾಸ್ತಿ ಆಗಿವೆ, ಸಸಿಗಳನ್ನು ತಿಂದುಬಿಡುತ್ತವೆ ಎಂದು ಹೇಳಿದೆ. ಏಳು ಗಂಟೆ ದಾಟಿ ಹಿಂಡು ದೂರ ಸರಿದ ಮೇಲೆ ಅವರನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದೆ. ದಾರಿಯಲ್ಲಿ, ಬೇಲಿಯ ಹೊರಗೆ, ಕೆಲವು ದೊಡ್ಡ ಆಸ್ಪೆನ್ ಮರಗಳಿದ್ದವು. ಅವುಗಳ ಬಿಳಿ ಕಾಂಡ ಬುಡದಿಂದ ಒಂದು ಎತ್ತರದವರೆಗೆ ಕಪ್ಪಗೆ, ಒರಟಾಗಿ, ಸುಟ್ಟ ಗಾಯದ ಹಾಗೆ ಇತ್ತು. ಅದರ ಮೇಲೆ ಸ್ವಚ್ಛ ಬಿಳಿ. ಗೆರೆ ಎಳೆದ ಹಾಗೆ ಎಲ್ಲ ಮರಕ್ಕೂ ಅದೇ ಎತ್ತರ. ನಾನು ಆ ಕಪ್ಪನ್ನು ಆಸ್ಪೆನ್ ಮರದ ಸಹಜ ಬಣ್ಣ ಎಂದೇ ತಿಳಿದು ಎಷ್ಟೋ ಚಿತ್ರ ತೆಗೆದಿದ್ದೆ, ಕಪ್ಪು ಬಿಳುಪಿನ ಹೊಂದಿಕೆಯನ್ನು ಮೆಚ್ಚಿದ್ದೆ. ಅಪ್ಪಯ್ಯ ಕೈಗವಸು ತೆಗೆದು ಅದರ ಮೇಲೆ ಬೆರಳಾಡಿಸಿದರು. "ಇದು ಹಲ್ಲಿನ ಗುರುತು. ಚಳಿಗಾಲದಲ್ಲಿ ಬೇರೇನೂ ಸಿಗದಾಗ ಸಿಪ್ಪೆ ಕೆರೆದಿದೆ. ಇಲ್ಲಿಂದ ಮೇಲೆ ಬಾಯಿ ಎಟುಕಿಲ್ಲ." ಸುತ್ತ ನೋಡಿದರು. ನೆಲ ನೋಡಿದರು. "ಎಲ್ಲಾ ಮುದಿ ಮರ. ಎಳೆಯದು ಒಂದೂ ಇಲ್ಲ. ನಮ್ಮ ಕೇರಿಯ ಹಾಗೆ."

ದೂರಿನ ದನಿಯಲ್ಲಿ ಹೇಳಿದ್ದಲ್ಲ. ಮರಗಳನ್ನು ಎಣಿಸಿದಂತೆ ಹೇಳಿದರು. ನಮ್ಮ ಕೇರಿಯ ಆರು ಮನೆಗಳಲ್ಲಿ ಅರವತ್ತರ ಒಳಗಿನವರು ಯಾರೂ ಇಲ್ಲವೆಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಟ್ರೈಪಾಡಿನ ಕಾಲು ಸರಿಮಾಡುತ್ತಾ ನಿಂತೆ.

ಬೇಲಿಯ ಒಳಗೆ ಬೇರೆಯೇ ಲೋಕ. ಕಾಂಡದ ಮಗ್ಗುಲಿಗೆ ಕಾಂಡ ಒತ್ತಿಕೊಂಡು ಬೆಳೆದ ಎಳೆಯ ಆಸ್ಪೆನ್‌ಗಳು, ಹೊಳೆಯ ಬದಿಗೆ ತಲೆ ಮೀರಿದ ವಿಲೋ ಪೊದೆಗಳು. ಎಲ್ಲ ಹಳದಿ. ಅಪ್ಪಯ್ಯ ತಂತಿಬಲೆ ಹಿಡಿದು ಒಳಗೆ ನೋಡಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು.

"ಜಗಲಿಯ ಚಿತ್ರ ಇಲ್ಲಿಯದಲ್ಲವಾ? ಅದರಲ್ಲಿ ಬೇಲಿ ಇಲ್ಲ."

"ಅಳಿಸಿದೆ ಅಪ್ಪಯ್ಯ. ಚೆನ್ನಾಗಿ ಕಾಣಲಿ ಎಂದು."

"ಬೇಲಿ ಇದ್ದದ್ದಕ್ಕೆ ತಾನೇ ಅಷ್ಟು ಚೆನ್ನಾಗಿ ಕಂಡದ್ದು?"

ಅವರು ಇನ್ನೊಂದು ಮಾತನ್ನೂ ಆಡಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನಗೂ ಕೊಟ್ಟರು.

ಆ ಚಳಿಗಾಲವೆಲ್ಲ ನಾನು ಈ ಕಣಿವೆಯ ಕಥೆಯನ್ನು ಓದಿದೆ. ಈಗ ನೂರಾರು ಸಂಖ್ಯೆಯಲ್ಲಿ ಕಾಣುವ, ಎಸ್ಟಿಸ್ ಪಾರ್ಕಿನ ಗಾಲ್ಫ್ ಮೈದಾನದಲ್ಲೂ ಮೇಯುವ ಈ ಎಲ್ಕ್‌ಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಬಹುತೇಕ ಇರಲೇ ಇಲ್ಲ. ಗಣಿ ಊರುಗಳಿಗೆ ಮಾಂಸ ಬೇಕೆಂದು, ಮಾರಾಟಕ್ಕೆಂದು ಬೇಟೆಯಾಡಿ ಮುಗಿಸಿದ್ದರು. 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ 49 ಎಲ್ಕ್‌ಗಳನ್ನು ತಂದು ಬಿಟ್ಟರು. ಮರುವರ್ಷ, 1915ರ ಜನವರಿ 26ರಂದು, ಅಧ್ಯಕ್ಷ ವುಡ್ರೊ ವಿಲ್ಸನ್ ಸಹಿ ಹಾಕಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಎಲ್ಕ್ ಮರಳಿ ಬಂದವು, ಆದರೆ ಅವುಗಳನ್ನು ಹಿಡಿಯುವವರು ಮರಳಲಿಲ್ಲ. ತೋಳಗಳನ್ನು ಗುಂಡು, ಬಲೆ, ವಿಷ ಇಟ್ಟು ಕೊಂದರು. 1940ರ ದಶಕದ ಹೊತ್ತಿಗೆ ಇಡೀ ಕೊಲೊರಾಡೊದಲ್ಲಿ ತೋಳದ ಹಿಂಡು ಉಳಿಯಲಿಲ್ಲ. ಗ್ರಿಜ್ಲಿ ಕರಡಿಯೂ ಹೋಯಿತು. ಇಲ್ಲಿಯವರು ಬೆಟ್ಟದ ಸಿಂಹ ಎನ್ನುವ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕಿದೆ, ಕಪ್ಪು ಕರಡಿಯಿದೆ, ಆದರೆ ಅವು ಹಿಂಡನ್ನು ಕದಲಿಸಲಾರವು. ಅಪ್ಪಯ್ಯ ಅಂದು ಬೆಳಗ್ಗೆಯೇ ಇದನ್ನು ಗಮನಿಸಿದ್ದರು: "ಕೂತ ಕಡೆ ಕೂತೇ ಇವೆ. ಸೀಳುನಾಯಿ ಕಂಡ ಹಿಂಡು ಹೀಗೆ ಕೂರುವುದಿಲ್ಲ."

ಕೂತ ಕಡೆ ಕೂತು ಮೇದದ್ದರ ಪರಿಣಾಮ ಮಣ್ಣಿನ ಮಟ್ಟದಲ್ಲಿ ಆಯಿತು. ಆಸ್ಪೆನ್ ಬೇರಿನಿಂದ ಏಳುವ ಚಿಗುರು ಮೊಣಕಾಲು ದಾಟುವ ಮೊದಲೇ ಎಲ್ಕ್ ಬಾಯಿಗೆ ಹೋಯಿತು. ಹೊಳೆಯ ದಂಡೆಯ ವಿಲೋ ಗಿಡ್ಡವಾಯಿತು. ವಿಲೋ ಇಲ್ಲದೆ, ಮರ ಕಡಿದು ಹೊಳೆಗೆ ಒಡ್ಡು ಕಟ್ಟುವ ದಂಶಕಗಳಾದ ಬೀವರ್‌ಗಳಿಗೆ ತಿನ್ನಲೂ ಇಲ್ಲ, ಅಣೆ ಕಟ್ಟಲೂ ಇಲ್ಲ. ಬೀವರ್ ಕಟ್ಟದಿದ್ದರೆ ನೀರು ಹರಡಿ ನಿಲ್ಲುವುದಿಲ್ಲ, ನೀರು ನಿಲ್ಲದಿದ್ದರೆ ವಿಲೋ ಮತ್ತೆ ಏಳುವುದಿಲ್ಲ. ನಾನು ಲಾಂಗ್ಸ್ ಪೀಕ್ ಶಿಖರದ ಮೇಲೆ ಮೊದಲ ಬಿಸಿಲು ಬೀಳುವುದನ್ನು ನೋಡಲು ಹೋಗುವ ಹುಲ್ಲುಗಾವಲಿನ ಹೆಸರು ಅಪ್ಪರ್ ಬೀವರ್ ಮೆಡೋಸ್. ಅಲ್ಲಿ ನಾನು ಒಂದು ದಿನವೂ ಬೀವರ್ ಕಂಡಿಲ್ಲ. ನಮ್ಮಲ್ಲಿ ಹುಲಿಕಲ್ಲು, ಆನೆಹಳ್ಳ ಎಂದು ಹೆಸರು ಉಳಿಸಿಕೊಂಡ ಊರುಗಳಿಲ್ಲವೇ, ಹಾಗೆ.

ಉದ್ಯಾನದವರು 2008ರಿಂದ ಬೇಲಿಗಳನ್ನು ಹಾಕತೊಡಗಿದರು. ಎಲ್ಕ್ ಒಳಹೋಗಬಾರದು, ಸಣ್ಣ ಪ್ರಾಣಿಗಳು ನುಸುಳಬಹುದು, ಮನುಷ್ಯರು ಗೇಟು ತೆರೆದು ನಡೆದುಹೋಗಬಹುದು ಎಂಬ ಲೆಕ್ಕದಲ್ಲಿ ಕಟ್ಟಿದ ಬೇಲಿ. ಇಪ್ಪತ್ತು ವರ್ಷದ ಯೋಜನೆ ಅದು, ಮರಗಳು ಎಲ್ಕ್‌ನ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ ತೆಗೆಯುವಂಥದ್ದು. ಹಾಗೆ ನೋಡಿದರೆ ನಾನು ಅಳಿಸಿದ ಹನ್ನೊಂದು ಕಂಬಗಳು ನಿಂತದ್ದು ತೋಳಗಳ ಜಾಗದಲ್ಲಿ. ಎಲ್ಕ್ ಮತ್ತು ಹಳದಿ ಆಸ್ಪೆನ್ ಒಂದೇ ಚೌಕಟ್ಟಿನಲ್ಲಿ ಬೇಕೆಂದು ನಾವೆಲ್ಲ ಬಯಸುತ್ತೇವೆ. ಈ ಕಣಿವೆಯಲ್ಲಿ ಅವೆರಡರ ನಡುವೆ ನೂರು ವರ್ಷದ ವ್ಯಾಜ್ಯವಿದೆ, ಅದನ್ನು ತಂದಿಟ್ಟವರು ಮನುಷ್ಯರು. ನನ್ನ ಚಿತ್ರ ಆ ವ್ಯಾಜ್ಯವೇ ಇಲ್ಲವೆಂದು ಹೇಳಿತ್ತು. ನೆಂಟರ ಮುಂದೆ ಈಗಲೂ ಹೇಳುತ್ತಿದೆ.

ಚಿತ್ರದಿಂದ ಒಂದು ಕಡ್ಡಿ ತೆಗೆದರೂ ಪಾಪ ಎನ್ನುವ ಛಾಯಾಗ್ರಾಹಕರಿದ್ದಾರೆ, ಎಲ್ಲ ಅಳಿಸಬಹುದು ಎನ್ನುವವರೂ ಇದ್ದಾರೆ. ನಾನು ಇಬ್ಬರ ಪಕ್ಷವನ್ನೂ ವಹಿಸಲಾರೆ. ಲೆನ್ಸಿನ ಮೇಲಿನ ಧೂಳಿನ ಚುಕ್ಕೆಯನ್ನು ನಾನು ಈಗಲೂ ತೆಗೆಯುತ್ತೇನೆ. ಆದರೆ ಧೂಳು ಆ ಜಾಗದ್ದಲ್ಲ. ಕಂಬ ಆ ಜಾಗದ್ದು.

ಆ ವರ್ಷ ಆಯುಧಪೂಜೆ ಅಕ್ಟೋಬರ್ 7ಕ್ಕೆ ಬಂತು. ಅಮ್ಮ ಕಾರಿಗೆ, ಅಡುಗೆಮನೆಯ ಮಿಕ್ಸಿಗೆ, ನನ್ನ ಕ್ಯಾಮೆರಾಕ್ಕೆ, ಟ್ರೈಪಾಡಿಗೆ ಕುಂಕುಮವಿಟ್ಟು ಹೂ ಏರಿಸಿದರು. ಲೆನ್ಸಿನ ಗಾಜಿಗೆ ಕುಂಕುಮ ಬೀಳದಂತೆ ಅಪ್ಪಯ್ಯ ಮುಚ್ಚಳ ಹಾಕಿ ಕೊಟ್ಟರು. ಟ್ರೈಪಾಡಿನ ಒಂದು ಸಂದಿಯಲ್ಲಿ ಆ ಕುಂಕುಮದ ಕೆಂಪು ಇನ್ನೂ ಇದೆ. ತೊಳೆಯಲು ಮನಸ್ಸಾಗಿಲ್ಲ.

ಮರುವರ್ಷ, 2020, ಬೆಂಕಿಯ ವರ್ಷ. ಉದ್ಯಾನದ ಉತ್ತರಕ್ಕೆ ಕ್ಯಾಮೆರನ್ ಪೀಕ್ ಬೆಂಕಿ ಆಗಸ್ಟಿನಿಂದಲೇ ಉರಿಯುತ್ತಿತ್ತು. ಪಶ್ಚಿಮದಲ್ಲಿ ಈಸ್ಟ್ ಟ್ರಬಲ್‌ಸಮ್ ಬೆಂಕಿ ಅಕ್ಟೋಬರ್ 21ರಂದು ಗಾಳಿಗೆ ಸಿಕ್ಕಿ ಒಂದೇ ದಿನದಲ್ಲಿ ಲಕ್ಷ ಎಕರೆಗೂ ಮಿಕ್ಕಿ ನುಂಗಿತು. ಮರವೇ ಇಲ್ಲದ ಬರಿ ಬಂಡೆಯ ನೆತ್ತಿಯನ್ನು ದಾಟಿ ಬೆಂಕಿ ಈ ಬದಿಗೆ ಬರಲಾರದೆಂದು ಎಲ್ಲರೂ ನಂಬಿದ್ದರು. ಕಿಡಿಗಳು ಆ ನೆತ್ತಿಯನ್ನು ಹಾರಿ ಮೊರೇನ್ ಪಾರ್ಕಿನ ಕಡೆಗೇ ಬಂದವು. 22ರಂದು ಎಸ್ಟಿಸ್ ಪಾರ್ಕ್ ಊರನ್ನು ಖಾಲಿ ಮಾಡಿಸಿದರು. ಲಾಂಗ್‌ಮಾಂಟ್‌ನಲ್ಲಿ ಹಗಲಿಗೇ ದೀಪ ಹಚ್ಚಬೇಕಾಯಿತು. ನವರಾತ್ರಿಯ ಗೊಂಬೆಗಳ ಮೇಲೆ, ಕಿಟಕಿ ಮುಚ್ಚಿದ್ದರೂ, ಸಣ್ಣಗೆ ಬೂದಿ ಕೂತಿತ್ತು. ಬೆರಳಿನಿಂದ ಒರೆಸಿ ನೋಡಿದೆ. ಯಾವ ಮರದ್ದೋ. ಕೆಲವು ದಿನಗಳಲ್ಲಿ ಹಿಮ ಬಿದ್ದು ಬೆಂಕಿ ತಗ್ಗಿತು. ಎರಡೂ ಬೆಂಕಿ ಸೇರಿ ಉದ್ಯಾನದ ಸುಮಾರು 30 ಸಾವಿರ ಎಕರೆ ಸುಟ್ಟಿತ್ತು.

ಸುಟ್ಟ ಕಾಡಿನ ಚಿತ್ರ ತೆಗೆಯಲು ನನಗೆ ಎರಡು ವರ್ಷ ಧೈರ್ಯ ಬರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಟ್ರೇಲ್ ರಿಜ್ ರಸ್ತೆ ಹಿಡಿದು, 12,183 ಅಡಿಯ ಆ ನೆತ್ತಿ ದಾಟಿ ಪಶ್ಚಿಮಕ್ಕೆ ಇಳಿದೆ. ಮೇಲೆ, ಮರಗಳ ಗಡಿಯಾಚೆ, ಋತು ಆಗಲೇ ಮುಗಿದಿತ್ತು. ನೆಲಕ್ಕಂಟಿದ ಗಿಡಗಳು ಕೆಂಪುಕಂದು ತಿರುಗಿ ಇಡೀ ಬೆಟ್ಟಕ್ಕೆ ತುಕ್ಕಿನ ಬಣ್ಣ ಬಂದಿತ್ತು. ಬಂಡೆಗಳ ಸಂದಿಯಲ್ಲಿ ಪೈಕಾಗಳು ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಓಡಾಡುತ್ತಿದ್ದವು. ಮುಷ್ಟಿಯಷ್ಟಿರುವ ಈ ಜೀವ ಚಳಿಗಾಲದಲ್ಲಿ ನಿದ್ದೆಗೆ ಜಾರುವುದಿಲ್ಲ, ಒಣಹುಲ್ಲಿನ ಬಣವೆ ಒಟ್ಟಿಕೊಂಡು ಹಿಮದಡಿ ಬದುಕುತ್ತದೆ. ಒಂದು ಗಂಟೆ ಅದನ್ನೇ ನೋಡುತ್ತಾ ಕುಳಿತೆ, ಕ್ಯಾಮೆರಾ ಮಡಿಲಲ್ಲೇ ಇತ್ತು. ಕೆಳಗೆ ಇಳಿದರೆ ಗುಡ್ಡಗಳ ತುಂಬ ಕಪ್ಪು ಕಾಂಡಗಳು. ಅವುಗಳ ಬುಡದಲ್ಲಿ ಅಲ್ಲಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಹಳದಿ. ಮೇಲೆ ಸುಟ್ಟರೂ ಆಸ್ಪೆನ್‌ನ ಬೇರು ಮಣ್ಣಿನೊಳಗೆ ಉಳಿದಿರುತ್ತದೆ, ಬೆಂಕಿಯ ನಂತರ ಮೊದಲು ಏಳುವ ಮರಗಳಲ್ಲಿ ಅದೂ ಒಂದು. ನಾನು ಹೊಟ್ಟೆ ಅಡಿಯಾಗಿ ಬೂದಿಯಲ್ಲಿ ಮಲಗಿ ಒಂದು ಸಸಿಯ ನಾಲ್ಕೇ ಎಲೆಗಳ ಚಿತ್ರ ತೆಗೆದೆ. ತುದಿಯ ಚಿಗುರು ಕಚ್ಚಿಹೋಗಿತ್ತು.

ಆ ಪಶ್ಚಿಮದ ಕಣಿವೆ ಇರುವ ಗ್ರ್ಯಾಂಡ್ ಕೌಂಟಿಯಲ್ಲೇ 2023ರ ಡಿಸೆಂಬರಿನಲ್ಲಿ ಮೊದಲ ಐದು ತೋಳಗಳನ್ನು ಬಿಟ್ಟರು. ಆರೆಗನ್ ರಾಜ್ಯದಿಂದ ತಂದವು. 2020ರ ನವೆಂಬರಿನಲ್ಲಿ ಕೊಲೊರಾಡೊದ ಮತದಾರರು ಬಹಳ ಕಡಿಮೆ ಅಂತರದಲ್ಲಿ ಒಪ್ಪಿದ ನಿರ್ಧಾರ ಅದು. ದನ ಸಾಕುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕರು ಕಳೆದುಕೊಂಡವರ ಮನೆಯ ಅಂಗಳ ಹೇಗಿರುತ್ತದೆಂದು ಮಲೆನಾಡಿನವಳಿಗೆ ಹೇಳಿಕೊಡಬೇಕಾಗಿಲ್ಲ. ಬೆರಳೆಣಿಕೆಯ ತೋಳಗಳು ಬಂದ ಮಾತ್ರಕ್ಕೆ ಆಸ್ಪೆನ್‌ಗಳು ಎದ್ದುನಿಲ್ಲುತ್ತವೆಂದು ನಾನು ನಂಬಿಲ್ಲ. ಆದರೂ ಆ ದಿನ ಸುದ್ದಿ ಓದಿ ಕಣ್ಣು ತೇವವಾಯಿತು. ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ. "ಹಾಗಾದರೆ ಆ ಹಿಂಡು ಇನ್ನು ಎದ್ದು ಓಡಾಡಬೇಕಾದೀತು" ಎಂದರು. ಅದು ಬೆಟ್ಟದ ಆಚೆ ಬದಿ, ನಮ್ಮ ಬದಿಗೆ ಇನ್ನೂ ಬಂದಿಲ್ಲ ಎಂದೆ. "ಬರಲಿ" ಎಂದರು.

ಈಗ ನಾನು ಪ್ರತಿ ವರ್ಷ ಮೊರೇನ್ ಪಾರ್ಕಿನಲ್ಲಿ ಒಂದೇ ಜಾಗದಲ್ಲಿ ನಿಲ್ಲುತ್ತೇನೆ. ರಸ್ತೆಯಂಚಿನ ಒಂದು ಬಂಡೆಯ ಎಡಬದಿ, ಅದೇ ಲೆನ್ಸ್, ಅದೇ ಎತ್ತರ. ಸೆಪ್ಟೆಂಬರಿನ ಕೊನೆಯ ವಾರ. ಎಲ್ಕ್ ಬಂದರೂ ಸರಿ, ಬಾರದಿದ್ದರೂ ಸರಿ. ಒಂದೇ ಜಾಗದಿಂದ ವರ್ಷಾನುವರ್ಷ ಚಿತ್ರ ತೆಗೆದು ಹೋಲಿಸುವುದು ಭೂಮಿಯ ಬದಲಾವಣೆ ಅಳೆಯುವವರ ಹಳೆಯ ಕ್ರಮ. ನಾನು ಅದನ್ನು ನನ್ನ ಮಟ್ಟಿಗೆ ಮಾಡುತ್ತೇನೆ. ಚೌಕಟ್ಟಿನ ಎಡಕ್ಕೆ ಬೇಲಿಯ ಒಳಗು, ಬಲಕ್ಕೆ ಹೊರಗು, ನಡುವೆ ಕಂಬಗಳು. ಕಂಬಗಳ ಎತ್ತರ ಬದಲಾಗುವುದಿಲ್ಲವಾದ್ದರಿಂದ ಅವೇ ನನ್ನ ಅಳತೆಗೋಲು.

2016ರ ಚಿತ್ರದ ಮೂಲ ಪ್ರತಿ ನನ್ನ ಬಳಿ ಇತ್ತು. ಹನ್ನೊಂದು ಕಂಬಗಳೂ ಇರುವ ಪ್ರತಿಯನ್ನು ಹೋದ ಸಲ ಊರಿಗೆ ಹೋದಾಗ ಅಷ್ಟೇ ದೊಡ್ಡದಾಗಿ ಮುದ್ರಿಸಿ ಕೊಂಡೊಯ್ದೆ. ಹಳೆಯದನ್ನು ತೆಗೆದು ಇದನ್ನು ಹಾಕೋಣ ಎಂದೆ. ಅಮ್ಮ ಒಪ್ಪಲಿಲ್ಲ, ಅವರಿಗೆ ಹಳೆಯದೇ ಚೆಂದ. ಅಪ್ಪಯ್ಯ ಗೋಡೆಗೆ ಇನ್ನೊಂದು ಮೊಳೆ ಹೊಡೆದು ಎರಡನ್ನೂ ಅಕ್ಕಪಕ್ಕ ತೂಗುಹಾಕಿದರು.

ಈ ವರ್ಷದ ಚಿತ್ರ ತೆಗೆದ ಸಂಜೆ ಎಂದಿನಂತೆ ಫೋನ್ ಮಾಡಿದೆ. ಅಪ್ಪಯ್ಯ ಎಲ್ಕ್ ಬಗ್ಗೆ ಕೇಳುವುದಿಲ್ಲ, ಬಣ್ಣದ ಬಗ್ಗೆಯೂ ಕೇಳುವುದಿಲ್ಲ.

"ಒಳಗಿನದು ಎಷ್ಟು ಎತ್ತರ ಬಂದಿದೆ?"

"ಕಂಬದ ಎರಡರಷ್ಟು ಅಪ್ಪಯ್ಯ. ಕೆಲವು ಇನ್ನೂ ಮೇಲೆ."

"ಹೊರಗಿನ ಚಿಗುರು?"

"ಮೊಣಕಾಲಿನವರೆಗೆ."

"ಹೋದ ವರ್ಷವೂ ಮೊಣಕಾಲು ಅಂದಿದ್ದೆ" ಎಂದರು.